ಮಧುಮತಿ ಹೇಳದ ಮಾತು

ಬಿ.ಟಿ.ಎಂ. ಲೇಔಟ್ ಎರಡನೇ ಹಂತ,
ಬೆಂಗಳೂರು
5 ಡಿಸೆಂಬರ್ 2004

ಪ್ರೀತಿಯ ವಿಮಲಕ್ಕನಿಗೆ,

ಮಂಗಳಾಳ ನಮಸ್ಕಾರಗಳು. ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ನೀವು ಒಂದು ಗಳಿಗೆ ಹಾಗೇ ಕೂತಿರಬೇಕು. ಮೂರು ವರ್ಷವಾಯಿತು. ನಿಮ್ಮ ಪತ್ರ ಬಂದದ್ದು 2001ರ ಡಿಸೆಂಬರಿನಲ್ಲಿ. ಆಮೇಲೆ ಎರಡು ಯುಗಾದಿಗೆ ಎರಡು ಕಾರ್ಡು ಬಂದವು. ಒಂದಕ್ಕೂ ನಾನು ಉತ್ತರ ಬರೆಯಲಿಲ್ಲ. ಮರೆತೆ ಅಂದರೆ ನೀವು ನಂಬುವುದಿಲ್ಲ, ಬಿಡುವಿರಲಿಲ್ಲ ಅಂದರೆ ನಾನೇ ನಂಬುವುದಿಲ್ಲ. ಬರೆಯಲು ಕೂತಾಗಲೆಲ್ಲ ಮೊದಲ ಸಾಲೇ ಸುಳ್ಳಾಗುತ್ತಿತ್ತು, ಹರಿದು ಹಾಕುತ್ತಿದ್ದೆ. ಕ್ಷಮಿಸಿ ಎಂದು ಕೇಳುವುದಕ್ಕೆ ಮೊದಲು, ಪೂರ್ತಿ ಓದಿ ಎಂದು ಕೇಳುತ್ತೇನೆ.

ಕಮಲಾದೇವಿಯವರು ಹೇಗಿದ್ದಾರೆ? ಈಗ ಎದ್ದು ಓಡಾಡುತ್ತಾರೆಯೇ? ನಿಮ್ಮಕ್ಕನನ್ನು ನೋಡಿಕೊಳ್ಳಲು ಜಯನಗರದ ಮನೆ ಮುಚ್ಚಿ ಮೈಸೂರಿಗೆ ಹೊರಟಾಗ ನಾಲ್ಕು ತಿಂಗಳ ಮಟ್ಟಿಗೆ ಎಂದಿದ್ದಿರಿ, ನಾಲ್ಕು ವರ್ಷ ಕಳೆಯಿತು. ನೀವು ಏಳು ಮಕ್ಕಳಿಗೆ ಪಾಠ ಹೇಳುತ್ತಿದ್ದ ಗ್ಯಾರೇಜಿನಲ್ಲಿ ಈಗ ಝೆರಾಕ್ಸ್ ಅಂಗಡಿ ಇದೆ. ಆ ಕಡೆ ಹೋದಾಗ ನಾನು ರಸ್ತೆ ದಾಟಿ ಎದುರಿನ ಫುಟ್‌ಪಾತ್ ಹಿಡಿಯುತ್ತೇನೆ.

ನಾವು ಅದೇ ಮನೆಯಲ್ಲಿದ್ದೇವೆ, ಮೊದಲನೇ ಮಹಡಿ. ಕೆಳಗಿನ ಮನೆ ಖಾಲಿಯಾದಾಗ ಕೇಳಿದೆವು, ಓನರ್ ತಮ್ಮ ಸಂಬಂಧಿಕರಿಗೆ ಕೊಟ್ಟರು. "ಗುರುಸಿದ್ದಪ್ಪ, ಬೆನ್ನು ಜೋಪಾನ" ಎಂದು ನೀವು ನಮ್ಮವರಿಗೆ ಯಾವಾಗಲೂ ಹೇಳುತ್ತಿದ್ದಿರಿ. ಅವರು ಕೇಳಲಿಲ್ಲ, ಈಗ ಸೊಂಟದ ಪಟ್ಟಿ ಕಟ್ಟಿಕೊಂಡೇ ಆಫೀಸಿಗೆ ಹೋಗುತ್ತಾರೆ. ಮಗಳು ಎತ್ತರವಾಗಿದ್ದಾಳೆ, ಮಧುವಿಗೆ ಈಗ ಹದಿನೇಳು ವರ್ಷ. ಅವಳನ್ನು ಎತ್ತಿಕೊಂಡು ಇಪ್ಪತ್ತೊಂದು ಮೆಟ್ಟಿಲು ಇಳಿಯುವುದು ಈಗ ಹಬ್ಬಕ್ಕೋ ಆಸ್ಪತ್ರೆಗೋ ಮಾತ್ರ. ಉಳಿದ ದಿನ ಅವಳಿಗೆ ಕಿಟಕಿ, ನನಗೆ ಅಡುಗೆಮನೆ ಮತ್ತು ಅವಳ ಮಂಚದ ನಡುವಿನ ಹನ್ನೆರಡು ಹೆಜ್ಜೆ. ಗದಗಿನಲ್ಲಿ ತಮ್ಮನ ಹೊಸ ಮನೆಯ ಪ್ರವೇಶಕ್ಕೂ ಹೋಗಲಾಗಲಿಲ್ಲ. ಅವನು ಈಗ ಫೋನ್ ಮಾಡುವುದನ್ನೂ ಕಡಿಮೆ ಮಾಡಿದ್ದಾನೆ.

ಒಳ್ಳೆಯ ಸುದ್ದಿ ಮೊದಲು ಹೇಳುತ್ತೇನೆ. ಏಪ್ರಿಲಿನಲ್ಲಿ ಮಧುವಿಗೆ ಮಾತಿನ ಮೆಷಿನ್ ಬಂತು. ಊಟದ ತಟ್ಟೆಯಷ್ಟು ಅಗಲದ ಕಪ್ಪು ಪೆಟ್ಟಿಗೆ. ಮೇಲೆ ಮೂವತ್ತೆರಡು ಚೌಕ, ಒಂದೊಂದರಲ್ಲಿ ಒಂದು ಪದ. ಕೆಂಪು ದೀಪ ಒಂದು ಚೌಕದಿಂದ ಇನ್ನೊಂದಕ್ಕೆ ಹೋಗುತ್ತಿರುತ್ತದೆ. ಬೇಕಾದ ಪದಕ್ಕೆ ದೀಪ ಬಂದಾಗ ಮಧು ಕೆನ್ನೆಯ ಪಕ್ಕದಲ್ಲಿರುವ ಸ್ವಿಚ್ಚಿಗೆ ತಲೆ ತಾಗಿಸುತ್ತಾಳೆ, ಮೆಷಿನ್ ಆ ಪದವನ್ನು ಹೇಳುತ್ತದೆ. ಬೇಕಾದ ಪದ ಇಲ್ಲದಿದ್ದರೆ ಅಕ್ಷರಗಳ ಹಾಳೆ ಹಾಕುತ್ತೇವೆ. ಆಗ ಅದು ಒಂದೊಂದೇ ಅಕ್ಷರ ಹೇಳುತ್ತದೆ, ಎದುರಿಗಿದ್ದವರು ಬರೆದುಕೊಂಡು ಕೂಡಿಸಬೇಕು. ನೀವು ಕಲಿಸಿದ ಅಕ್ಷರಗಳು ಒಂದೂ ಹೋಗಿಲ್ಲ ಅಕ್ಕ. ಒತ್ತಕ್ಷರದಲ್ಲಿ ಮಾತ್ರ ತಪ್ಪುತ್ತಾಳೆ.

ಮೆಷಿನ್‌ಗೆ ತನ್ನದೇ ದನಿಯಿಲ್ಲ. ಯಾರಾದರೂ ಪದಗಳನ್ನು ಓದಿ ಅದರೊಳಗೆ ತುಂಬಬೇಕು. ನಾನು ಗಂಟಲು ಸರಿಮಾಡಿಕೊಂಡು ಕೂತೆ. ಆಗ ಸಮನ್ವಿತಾ, "ತಡೀರಿ ಅಕ್ಕ, ಮಧುನ ಕೇಳೋಣ" ಅಂದಳು. ಸಮನ್ವಿತಾ ನಿಮಗೆ ಗೊತ್ತಿಲ್ಲ. ಬಸವನಗುಡಿಯ ಹುಡುಗಿ, ಲಾ ಓದಿದ್ದಾಳೆ, ಜೆ.ಪಿ. ನಗರದಲ್ಲಿ ಅಂಗವಿಕಲರ ಹಕ್ಕಿಗಾಗಿ ದುಡಿಯುವ ಒಂದು ಚಿಕ್ಕ ಸಂಸ್ಥೆಯಲ್ಲಿದ್ದಾಳೆ. "ಮಧು, ಯಾರ ವಾಯ್ಸ್ ಬೇಕು ನಿಂಗೆ? ಅಮ್ಮಂದಾ?" ಎಂದು ಕೇಳಿದಳು. ಮಧು ಕಣ್ಣು ಕೆಳಗೆ ಮಾಡಿದಳು. ಕೆಳಗೆ ಅಂದರೆ 'ಅಲ್ಲ' ಎಂದು ಅವಳಿಗೆ ಕಲಿಸಿದವರು ನೀವೇ. "ಮತ್ತೆ ನಂದಾ?" ಮಧು ಛಾವಣಿ ನೋಡಿ ನಕ್ಕಳು. ವಯಸ್ಸಿನ ಹುಡುಗಿ, ವಯಸ್ಸಿನ ದನಿ ಬೇಕು ಅನ್ನಿಸಿರುತ್ತದೆ ಎಂದು ನಾನೂ ನಕ್ಕೆ. ಹಾಗಾಗಿ ಅಪ್ಪ-ಅವ್ವ ಇಬ್ಬರೂ ಗದಗಿನ ಮಾತಾಡುವ ನಮ್ಮ ಮನೆಯಲ್ಲಿ ಈಗ "ಬರ್ತೀನಿ, ಹೋಗ್ತೀನಿ, ಸಖತ್" ಅನ್ನುವವಳು ಮಧು ಒಬ್ಬಳೇ. ಕೆಳಗಿನ ಮನೆಗೆ ಬಂದ ಅಂಕಮ್ಮ ಬ್ಲೌಸ್ ಹೊಲಿಯುತ್ತಾರೆ, ಮಧ್ಯಾಹ್ನ ಮೇಲೆ ಬಂದು ಅವಳ ಜೊತೆ ಧಾರಾವಾಹಿ ನೋಡುತ್ತಾರೆ. ಮಧು "ಅತ್ತೆ ಕೆಟ್ಟೋಳು" ಎಂದು ಒತ್ತಿದರೆ, "ಇಲ್ಲಮ್ಮಾ, ಮುಂದೆ ನೋಡು, ಒಳ್ಳೆಯವಳಾಗ್ತಾಳೆ" ಎಂದು ಅವರು ವಾದಕ್ಕೆ ಇಳಿಯುತ್ತಾರೆ. ಮನೆಯಲ್ಲಿ ಈಗ ಮಾತೇ ಮಾತು.

ಇದಿಷ್ಟನ್ನು ಬರೆದು ಸಹಿ ಹಾಕಿ ಕಳಿಸಿಬಿಡಬಹುದಿತ್ತು. ನಿಮಗೆ ಸಂತೋಷವಾಗುತ್ತಿತ್ತು. ಆದರೆ ನಿಮ್ಮ ಆ ಪತ್ರದಲ್ಲಿ ಎರಡು ಪದಗಳಿವೆ. ಪೇಪರಿನಲ್ಲಿ ಬಂದ ಸುದ್ದಿಯ ತುಂಡಿನ ಜೊತೆ ನೀವು ಬರೆದಿದ್ದಿರಿ: "ಮಂಗಳಾ, ಮಧುವಿನ ಮಾತು ಓದಿದೆ. ಅವಳು ಹೇಳಿದಳು, ನೀನು ಕಾದೆ. ನನಗೆ ಇದಕ್ಕಿಂತ ಏನು ಬೇಕು?"

ನಾನು ಕಾಯಲಿಲ್ಲ ಅಕ್ಕ.

ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ಹನ್ನೊಂದು ವರ್ಷದ ಹಿಂದೆ, ಆರು ವರ್ಷದ ಮಗುವನ್ನು ಎತ್ತಿಕೊಂಡು ನಾನು ನಿಮ್ಮ ಬಾಗಿಲಿಗೆ ಬಂದಾಗ ನನ್ನ ಕೈಯಲ್ಲಿ ಡಾಕ್ಟರ್ ಚೀಟಿ ಇತ್ತು: ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಮಾತಿಲ್ಲ. ನೀವು ಚೀಟಿ ಓದಲೇ ಇಲ್ಲ. ಮಧುವಿನ ಮುಖಕ್ಕೆ ಮುಖ ಕೊಟ್ಟು, "ಇವರು ನಿಮ್ಮಮ್ಮಾನಾ? ಹೌದು ಅಂದ್ರೆ ಮೇಲೆ ನೋಡು" ಅಂದಿರಿ. ಅವಳು ಮೇಲೆ ನೋಡಿದಳು. ಆರು ವರ್ಷದಲ್ಲಿ ಯಾರೂ ಅವಳನ್ನು ಏನನ್ನೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆಮೇಲೆ ನೀವು ದಪ್ಪ ರಟ್ಟು ತಂದು ನಡುವೆ ದೊಡ್ಡ ತೂತು ಕೊರೆದು, ಸುತ್ತ ಪದಗಳನ್ನು ಅಂಟಿಸಿಕೊಟ್ಟಿರಿ. ನಾನು ರಟ್ಟನ್ನು ನನ್ನ ಮುಖದ ಮುಂದೆ ಹಿಡಿಯಬೇಕು. ಅವಳ ಕಣ್ಣು ಯಾವ ಪದಕ್ಕೆ ಹೋಯಿತು ಎಂದು ತೂತಿನಿಂದ ನೋಡಿ, ಗಟ್ಟಿಯಾಗಿ ಹೇಳಬೇಕು. "ನಿನ್ನ ಬಾಯಿಂದ ಮಾತು ಹಾಕಬೇಡ. ಅವಳು ಏನೂ ಹೇಳದಿದ್ರೆ, ಏನೂ ಹೇಳಲಿಲ್ಲ ಅಂತಾನೇ ಹೇಳು" ಎಂದು ನೀವು ಎಷ್ಟು ಸಲ ಹೇಳಿದಿರೋ.

ನೀವು ಹೋದ ಮರುವರ್ಷ ಸಮನ್ವಿತಾ ನಮ್ಮನ್ನು ಹುಡುಕಿಕೊಂಡು ಬಂದಳು. ಸರ್ಕಾರ ಉಚಿತವಾಗಿ ಕೊಡುವ ಸಾಧನಗಳ ಪಟ್ಟಿ ಅವಳ ಕೈಯಲ್ಲಿತ್ತು. ಗಾಲಿಕುರ್ಚಿ, ಊರುಗೋಲು, ಬಿಳಿ ಕೋಲು, ಕಿವಿಯ ಮೆಷಿನ್. ಮಾತಾಡಲಾಗದ ಮಕ್ಕಳಿಗೆ ಅದರಲ್ಲಿ ಏನೂ ಇರಲಿಲ್ಲ. ನಾನು ಮೊದಲೇ ಅರ್ಜಿ ಹಾಕಿ ಅನುಭವಿಸಿದ್ದೆ. ಮಧುವಿಗೆ ಕಿವಿಯ ಮೆಷಿನ್ ಮಂಜೂರಾಗಿತ್ತು. "ಕಿವಿ ಛಲೋ ಅದಾವ್ರೀ, ಮಾತು ಬರೂದಿಲ್ಲ" ಎಂದರೆ ಗುಮಾಸ್ತ, "ಲಿಸ್ಟಲ್ಲಿ ಅದೇ ಇರೋದು ಮೇಡಂ. ತಗೊಂಡ್ರೆ ತಗೊಳ್ಳಿ" ಅಂದಿದ್ದ. ಪಟ್ಟಿಗೆ ಏನೇನು ಸೇರಿಸಬೇಕೆಂದು ನೋಡಲು ಸರ್ಕಾರ ಒಂದು ಸಮಿತಿ ಮಾಡಿದೆ, ಮಧು ಬಂದು ಅವರ ಎದುರು ಮಾತಾಡಬೇಕು ಎಂದು ಸಮನ್ವಿತಾ ಕೇಳಿದಳು. "ಪೇಪರ್ ಎಷ್ಟು ಕೊಟ್ರೂ ಓದಲ್ಲ ಅಕ್ಕ. ಒಂದ್ಸಲ ಇವಳನ್ನ ನೋಡ್ಲಿ." ನಾನು ಮಧುವನ್ನು ಕೇಳಿದೆ. ಅವಳು ಮೇಲೆ ನೋಡಿದಳು. ಅದನ್ನು ಮಾತ್ರ ನಾನು ಕೇಳಿಯೇ ಕೇಳಿದೆ, ಇದು ದೇವರಾಣೆ.

ನವೆಂಬರ್ ತಿಂಗಳು. ಸಮಿತಿ ಸೇರಿದ್ದು ಮೂರನೇ ಮಹಡಿಯಲ್ಲಿ, ಲಿಫ್ಟ್ ಕೆಟ್ಟಿತ್ತು. ನಮ್ಮವರು ಅವಳನ್ನು ಹೊತ್ತುಕೊಂಡು ಹತ್ತಿದರು. ಹತ್ತು ಗಂಟೆಗೆ ಕರೆಯುತ್ತೇವೆ ಎಂದವರು ಎರಡೂವರೆಗೆ ಕರೆದರು. ಬಚ್ಚಲು ಕೆಳಗಿನ ಮಹಡಿಯಲ್ಲಿತ್ತು, ಮತ್ತೆ ಇಳಿಸಿ ಹತ್ತಿಸುವುದಕ್ಕೆ ಹೆದರಿ ನಾನು ಅವಳಿಗೆ ನೀರನ್ನೇ ಕಡಿಮೆ ಕುಡಿಸಿದ್ದೆ. ಒಳಗೆ ಉದ್ದದ ಮೇಜು, ಒಂಬತ್ತು ಜನ. ನಡುವೆ ಅಧ್ಯಕ್ಷರು ಚಕ್ರಪಾಣಿ ಅಂತ, ಹಿರಿಯ ಅಧಿಕಾರಿ, ಒಳ್ಳೆಯವರೇ. ಅವರ ಪಕ್ಕ ಒಬ್ಬರು ಡಾಕ್ಟರು, ಸಮಿತಿಯ ಸದಸ್ಯರು. ನಾನು ರಟ್ಟು ತೆಗೆದ ಕೂಡಲೇ ಅವರು ಕನ್ನಡಕ ಏರಿಸಿ, "ಮೇಡಂ, ಒಂದ್ನಿಮಿಷ. ಇದು ಮಗು ಹೇಳುತ್ತೋ, ನೀವು ಹೇಳ್ತೀರೋ?" ಅಂದರು.

"ಆಕೀನ ಹೇಳ್ತಾಳ್ರೀ" ಅಂದೆ.

"ನಮಗೆ ಹೇಗೆ ಗೊತ್ತಾಗ್ಬೇಕು? ಕಣ್ಣು ನಿಮಗೆ ತಾನೇ ಕಾಣ್ಸೋದು."

ಆರು ವರ್ಷ ಚೀಟಿ ನೋಡಿ ಮಾತಾಡಿದವರ ಮುಖಗಳೆಲ್ಲ ಆ ಮುಖದಲ್ಲಿ ಕಂಡವು. ಚಕ್ರಪಾಣಿಯವರು, "ಇರ್ಲಿ ಇರ್ಲಿ. ಮಗೂ, ನಿಂಗೆ ಮಾತಿನ ಮೆಷಿನ್ ಯಾಕಮ್ಮಾ ಬೇಕು? ಹೇಳು, ಕೇಳೋಣ" ಅಂದರು. ನಾನು ರಟ್ಟು ಹಿಡಿದೆ.

ಮಧುವಿನ ಕಣ್ಣು ಎಡಗಡೆ ಕೆಳಗಿನ ಮೂಲೆಗೆ ಹೋಯಿತು. ಅಲ್ಲಿ ಇದ್ದದ್ದು 'ಬಚ್ಚಲು'.

ನಾನು ಸುಮ್ಮನಿದ್ದೆ. ಬೇರೆ ಕಡೆ ನೋಡಲಿ ಎಂದು ಕಾದೆ ಅನ್ನಬೇಕೇನೋ. ಅವಳು ಮತ್ತೆ ಅಲ್ಲಿಗೇ ನೋಡಿದಳು. ಆಮೇಲೆ 'ಮನೆ'. ಆಮೇಲೆ ಮತ್ತೆ 'ಬಚ್ಚಲು'. ಒಂಬತ್ತು ಜನ ನನ್ನ ಬೆನ್ನನ್ನು ನೋಡುತ್ತಿದ್ದರು. ಡಾಕ್ಟರು ಪೆನ್ನಿನ ಕ್ಯಾಪ್ ಹಾಕಿದ ಸದ್ದು ಕೇಳಿಸಿತು. ಸಮನ್ವಿತಾ ಹೊರಗೆ ಇನ್ನೂ ಎಂಟು ಮಕ್ಕಳನ್ನು ಕೂರಿಸಿಕೊಂಡಿದ್ದಳು. ಈಗ ನಾನು 'ಬಚ್ಚಲು' ಎಂದರೆ ಇವರು ನಕ್ಕು ಫೈಲು ಮುಚ್ಚುತ್ತಾರೆ ಅನ್ನಿಸಿತು. ನನ್ನ ಬಾಯಿಂದ ಬಂತು: "ನನಗ ಮಾತು ಬರ್ತದ. ಬಾಯಿ ಬರೂದಿಲ್ಲ."

ಅದನ್ನು ಮೊದಲೇ ಯೋಚಿಸಿಟ್ಟುಕೊಂಡು ಹೋಗಿರಲಿಲ್ಲ ಅಕ್ಕ. ಎಲ್ಲಿಂದ ಬಂತೋ ಗೊತ್ತಿಲ್ಲ. ತಿರುಗಿ ನೋಡಿದರೆ ಚಕ್ರಪಾಣಿಯವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಯಾರೋ ಚಪ್ಪಾಳೆ ಹೊಡೆದರು, ಆಮೇಲೆ ಎಲ್ಲರೂ ಹೊಡೆದರು. ರಟ್ಟಿನ ಆಚೆ ಮಧು ನನ್ನನ್ನೇ ನೋಡುತ್ತಿದ್ದಳು. ಯಾವ ಪದದ ಮೇಲೂ ಕಣ್ಣಿರಲಿಲ್ಲ. ಚಪ್ಪಾಳೆ ನಿಲ್ಲುವಷ್ಟರಲ್ಲಿ ಅವಳ ಲಂಗ ಒದ್ದೆಯಾಗಿತ್ತು. ನಾನು ನನ್ನ ಶಾಲು ತೆಗೆದು ಅವಳ ಮಡಿಲಿಗೆ ಹೊದಿಸಿ, ಕೈಮುಗಿದು ಹೊರಗೆ ಬಂದೆ.

ಮಾರನೆಯ ದಿನ ಆ ಮಾತು ಪೇಪರಿನಲ್ಲಿ ಬಂತು, ಬೆಂಗಳೂರು ಕನ್ನಡದಲ್ಲಿ: "ನನಗೆ ಮಾತು ಬರುತ್ತೆ, ಬಾಯಿ ಬರಲ್ಲ." ಆ ತುಂಡನ್ನೇ ನೀವು ಕಳಿಸಿದ್ದು. ಮುಂದಿನ ವರ್ಷ ಆದೇಶವಾಯಿತು, ಮಾತಿನ ಮೆಷಿನ್ ಪಟ್ಟಿಗೆ ಸೇರಿತು. ಯೋಜನೆಯ ಪುಸ್ತಕದ ರಕ್ಷಾಪುಟದ ಮೇಲೆ ಆ ಸಾಲು ಅಚ್ಚಾಯಿತು, ಕೆಳಗೆ 'ಕುಮಾರಿ ಮಧುಮತಿ, ಬೆಂಗಳೂರು ದಕ್ಷಿಣ' ಎಂದು. ಬೇರೆ ಮಕ್ಕಳಿಗೆಲ್ಲ ಮೆಷಿನ್ ಬಂದರೂ ಮಧುವಿಗೆ ಬರಲಿಲ್ಲ. ಅವಳ ಸರ್ಟಿಫಿಕೇಟಿನಲ್ಲಿ ಬುದ್ಧಿಮಾಂದ್ಯ ಎಂದಿತ್ತು, ಅದು ಬೇರೆ ಪಟ್ಟಿಗೆ ಹೋಗುತ್ತದೆ ಎಂದರು. ಅದನ್ನು ತಿದ್ದಿಸುವುದಕ್ಕೆ ಎರಡು ವರ್ಷ ಓಡಾಡಿದೆ. ಹೋದ ಕಚೇರಿಯಲ್ಲೆಲ್ಲ ಗೋಡೆಯ ಮೇಲೆ ನಾನು ಹೇಳಿದ ಸುಳ್ಳನ್ನು ನನ್ನ ಮಗಳ ಹೆಸರಿನಲ್ಲಿ ಅಂಟಿಸಿದ್ದರು. ಅದರ ಕೆಳಗೇ ಕೂತು ನನ್ನ ಸರದಿ ಕಾಯುತ್ತಿದ್ದೆ.

ಮೆಷಿನ್ ಬಂದ ಮೇಲೆ ಮೇ ತಿಂಗಳಲ್ಲಿ ಒಂದು ಸಂಜೆ ಅಪ್ಪ-ಮಗಳು ಅಕ್ಷರದ ಹಾಳೆ ಹಾಕಿಕೊಂಡು ಕೂತಿದ್ದರು. ನಮ್ಮವರು ಹಳೆಯ ಕ್ಯಾಲೆಂಡರಿನ ಹಿಂದೆ ಬರೆದುಕೊಳ್ಳುತ್ತಾರೆ. ಒಂದೇ ಸಂಜೆಗೆ ಮುಗಿಯಲಿಲ್ಲ, ಅವಳ ಕತ್ತು ಸೋಲುತ್ತದೆ. ಮೊದಲ ದಿನ ಬಂದದ್ದು: 'ನಾ ಬಚ್ಚಲು ಅಂದೆ.' "ಯಾವಾಗವ್ವಾ?" ಎಂದು ಇವರು ಕೇಳಿದರು. ಎರಡನೆಯ ದಿನ: 'ಮೀಟಿಂಗ್.' ಮೂರನೆಯ ದಿನ ನಾನು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಇವರು ಹಾಳೆ ಹಿಡಿದು ಬಂದು ಬಾಗಿಲಲ್ಲಿ ನಿಂತರು. ಅದರಲ್ಲಿ 'ಅವ್ವ ನೋಡಿದ್ಲು' ಎಂದಿತ್ತು.

"ಆಕಿ ಕಣ್ಣು ಎಲ್ಲಿ ಹೋಗಿತ್ತು ಅಂತ ನಿನಗ ಕಂಡಿತ್ತೇನು?"

"ಕಂಡಿತ್ರಿ."

ಅವರು ಬೈಯಲಿಲ್ಲ. ತವೆಯ ಮೇಲಿನ ರೊಟ್ಟಿ ಹೊತ್ತುತ್ತಿತ್ತು, ಅದನ್ನು ನೋಡುತ್ತ, "ಅವತ್ತು ಮೆಟ್ಟಲ ಇಳಿಯೂಮುಂದ ನನ್ನ ಅಂಗಿ ಎಲ್ಲಾ ತೋಯ್ದಿತ್ತು. ಇಷ್ಟು ದೊಡ್ಡಾಕಿ ಆಗಿ ತಿಳಿಯೂದಿಲ್ಲೇನು ಅಂತ ಆಕಿಗೆ ಬೈದಿದ್ದೆ ನಾ" ಅಂದರು. ಹಾಳೆಯನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಅಂದಿನಿಂದ ನಮ್ಮಿಬ್ಬರ ನಡುವೆ ಆ ಮಾತು ಬಂದಿಲ್ಲ. ಅವರು ಆ ರಾತ್ರಿ ಊಟ ಮಾಡಿದರು, ಮಾರನೆಯ ದಿನ ಆಫೀಸಿಗೆ ಹೋದರು. ಆದರೆ ಈಗ ಮಧುವಿಗೆ ಏನು ಬೇಕೆಂದು ನನ್ನನ್ನು ಕೇಳುವುದಿಲ್ಲ. ನನ್ನನ್ನು ದಾಟಿಕೊಂಡು ಹೋಗಿ ಅವಳನ್ನೇ ಕೇಳುತ್ತಾರೆ. ಅದೇ ಸರಿ ಎಂದು ನನಗೂ ಗೊತ್ತು.

ಸೆಪ್ಟೆಂಬರಿನಲ್ಲಿ ಯೋಜನೆಯ ಮರುಪರಿಶೀಲನೆ ಎಂದು ಪತ್ರ ಬಂತು. ಮೂರು ವರ್ಷಕ್ಕೆ ಮಾಡಿದ್ದ ಯೋಜನೆ, ಮುಂದುವರಿಸಬೇಕೋ ಬೇಡವೋ ಎಂದು ಅದೇ ಸಮಿತಿ ಕೂರುತ್ತದೆ. ಸಮನ್ವಿತಾ ಫೋನ್ ಮಾಡಿ, "ಅಕ್ಕ, ಮಧು ಬಂದು ಆ ಲೈನ್ ಇನ್ನೊಂದ್ಸಲ ಹೇಳಿದ್ರೆ ಸಾಕು, ಈ ಸಲ ಮೆಷಿನ್ನಲ್ಲೇ. ಡಾಕ್ಟ್ರ ಬಾಯಿ ಮುಚ್ಚುತ್ತೆ" ಅಂದಳು. ನನಗೆ ತಡೆಯಲಾಗಲಿಲ್ಲ. ಅಂಕಮ್ಮನವರನ್ನು ಮಧುವಿನ ಹತ್ತಿರ ಕೂರಿಸಿ ಜೆ.ಪಿ. ನಗರದ ಅವಳ ಆಫೀಸಿಗೆ ಹೋಗಿ ಎಲ್ಲ ಹೇಳಿದೆ. ಹುಡುಗಿ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿ ಬಂದಳು. ಆಮೇಲೆ ಕೇಳಿದಳು, "ಇದು ಯಾರ್ಯಾರಿಗೆ ಗೊತ್ತು?"

"ನಮ್ಮವರಿಗೆ. ಮಧುಗ. ಈಗ ನಿನಗ. ಅವತ್ತಿನ ಮಾತು ನಂದು ಅಂತ ನಾನ ಸಮಿತಿ ಮುಂದ ಹೇಳಿಬಿಡ್ತೇನಿ ಸಮನ್ವಿತಾ. ನನ್ನ ಕೈಲೆ ಆಗವಲ್ದು."

"ಅಕ್ಕ, ಪ್ಲೀಸ್, ಬೇಡ." ಅವಳು ನನ್ನ ಕೈ ಹಿಡಿದುಕೊಂಡಳು. "ನೂರಾ ಎಂಬತ್ತು ಮಕ್ಕಳ ಹತ್ರ ಮೆಷಿನ್ ಇದೆ ಈಗ. ಇನ್ನೂ ನಾನೂರು ಅರ್ಜಿ ಬಾಕಿ ಇದೆ. ಅಮ್ಮಂದಿರು ಊಹೆ ಮಾಡಿ ಹೇಳ್ತಾರೆ ಅಂತ ಆ ಡಾಕ್ಟ್ರು ಮೂರು ವರ್ಷದಿಂದ ಬರೀತಾನೇ ಇದಾರೆ. ನೀವು ಬಾಯಿ ಬಿಟ್ರೆ ಎಲ್ಲಾ ನಿಂತ್ಹೋಗುತ್ತೆ. ನಿಮ್ಮ ಮನಸ್ಸು ಹಗುರ ಆಗುತ್ತೆ, ಸರಿ. ಆ ಮಕ್ಕಳು?"

ನಾನು ಎದ್ದು ಬಂದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಯೋಚಿಸಿದೆ: ಸುಳ್ಳು ಹೇಳಿದ್ದಕ್ಕೆ ಚಪ್ಪಾಳೆ ಬಿತ್ತು, ನಿಜ ಹೇಳುತ್ತೇನೆ ಅಂದರೆ ಪ್ಲೀಸ್ ಬೇಡ ಅನ್ನುತ್ತಾರೆ. ಮತ್ತೆ ಆ ಡಾಕ್ಟರು. ಅವರನ್ನು ಎಷ್ಟು ಶಪಿಸಿದ್ದೆ! ಆದರೆ ಅವರು ಕೇಳಿದ್ದು ಸರಿಯಾದ ಪ್ರಶ್ನೆ, ಅದಕ್ಕೆ ಅವತ್ತು ಸರಿಯಾದ ಉತ್ತರ 'ನಾನು' ಎಂಬುದಾಗಿತ್ತು.

ಅಕ್ಟೋಬರಿನಲ್ಲಿ ಸಭೆ. ಈ ಸಲ ನೆಲಮಹಡಿ. ಮಧು ತಾನಾಗಿಯೇ ಬರುತ್ತೇನೆ ಎಂದಳು, ಅಪ್ಪನಿಗೆ. ಗಾಲಿಕುರ್ಚಿಗೆ ಮೆಷಿನ್ ಸಿಕ್ಕಿಸಿ ಒಳಗೆ ಕರೆದುಕೊಂಡು ಹೋದೆವು. ನಾನು ಇನ್ನೂ ಕುರ್ಚಿಯ ಬ್ರೇಕ್ ಹಾಕುತ್ತಿದ್ದೆ. ಮೆಷಿನ್ ಹೇಳಿತು, "ಅಮ್ಮ." ದೀಪ ಮತ್ತೆ ಸುತ್ತಿ ಬಂತು. "ಹೊರಗೆ."

ಯಾರಿಗೂ ಅರ್ಥವಾಗಲಿಲ್ಲ. ಅವಳು ಇನ್ನೊಮ್ಮೆ ಒತ್ತಿದಳು. ನಮ್ಮವರು ತಲೆ ತಗ್ಗಿಸಿ, "ಮಂಗಳಾ, ಹೊರಗ ಕೂಡು" ಅಂದರು. ಡಾಕ್ಟರಿಗೆ ಸಂತೋಷವಾಯಿತು. "ಒಳ್ಳೇದೇ ಆಯ್ತು. ಹೇಳಿಕೊಡ್ತಾರೆ ಅನ್ನೋ ಪ್ರಶ್ನೇನೇ ಬರಲ್ಲ" ಅಂದರು. ಹೌದು, ಅದಕ್ಕೇ ಇರಬೇಕು ಎಂದುಕೊಂಡು ನಾನು ಕಾರಿಡಾರಿನ ಬೆಂಚಿನ ಮೇಲೆ ನಲವತ್ತು ನಿಮಿಷ ಕೂತಿದ್ದೆ.

ಒಳಗೆ ನಡೆದದ್ದನ್ನು ಸಮನ್ವಿತಾ ಆಮೇಲೆ ಹೇಳಿದಳು. ಚಕ್ರಪಾಣಿಯವರು ಪುಸ್ತಕ ಎತ್ತಿ ತೋರಿಸಿ, "ನೋಡಮ್ಮಾ, ನಿನ್ನ ಮಾತು. ಇನ್ನೊಂದ್ಸಲ ಹೇಳ್ತೀಯಾ?" ಎಂದರಂತೆ. ಮಧು ತಲೆ ಅಲ್ಲಾಡಿಸಲಿಲ್ಲ. ದೀಪ ಮೂವತ್ತೆರಡು ಚೌಕವನ್ನೂ ಮೂರು ಸುತ್ತು ಸುತ್ತಿತಂತೆ. ಆಮೇಲೆ ಮಧು ಅಕ್ಷರದ ಹಾಳೆ ಕೇಳಿದಳು. ಬರೆದುಕೊಳ್ಳಲು ಯಾರು ಎಂದಾಗ ಆ ಡಾಕ್ಟರೇ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಬಂದು ಕೂತರು. ಹನ್ನೊಂದು ನಿಮಿಷ. ಒಂದಕ್ಷರವನ್ನೂ ತಾವಾಗಿ ಊಹಿಸಲಿಲ್ಲವಂತೆ. ಕೊನೆಗೆ ಗಟ್ಟಿಯಾಗಿ ಓದಿದರು: "ಹದಿನೆಂಟಕ್ಕೆ ವಾಪಸ್ ಯಾಕೆ?"

ನಿಮಗೆ ಇದು ಗೊತ್ತಿರಲಿಕ್ಕಿಲ್ಲ. ಈ ಮೆಷಿನ್ ಮಂಜೂರಾದದ್ದು ಶಾಲಾ ಮಕ್ಕಳ ಕಲಿಕೆಯ ಸಾಮಗ್ರಿ ಎಂದು. ಹದಿನೆಂಟು ತುಂಬಿದ ದಿನ ವಾಪಸ್ ಕೊಡಬೇಕು. ನಾನು ಸಹಿ ಹಾಕಿದ ಕಾಗದದಲ್ಲೇ ಅದಿತ್ತು. ಚಕ್ರಪಾಣಿಯವರು, "ರೂಲ್ಸ್ ಹಾಗಿದೆಯಮ್ಮಾ" ಎಂದರು. ಮಧು ಪದಗಳ ಹಾಳೆ ಹಾಕಿಸಿಕೊಂಡು ಒತ್ತಿದಳು, "ಯಾಕೆ?" "ಪರಿಶೀಲಿಸ್ತೀವಮ್ಮಾ, ಖಂಡಿತ." "ಯಾಕೆ?" "ದೊಡ್ಡೋರಿಗೆ ಬೇರೆ ಬಜೆಟ್ ಹೆಡ್ ಬೇಕಾಗುತ್ತೆ, ಅದು ಬೇರೆ ಇಲಾಖೆ..." "ಯಾಕೆ?" ಡಾಕ್ಟರು ನಕ್ಕುಬಿಟ್ಟರಂತೆ. ನಕ್ಕು, "ಸರ್, ಶೀ ಈಸ್ ರೈಟ್" ಎಂದರಂತೆ.

ಅವಳು ನನ್ನ ಸುಳ್ಳಿನ ಬಗ್ಗೆ ಅಲ್ಲಿ ಒಂದಕ್ಷರ ಹೇಳಲಿಲ್ಲ. ನನಗಾಗಿ ಹೇಳಲಿಲ್ಲವೋ, ಆ ನಾನೂರು ಮಕ್ಕಳಿಗಾಗಿ ಹೇಳಲಿಲ್ಲವೋ, ಇಲ್ಲ ಅವಳಿಗೆ ಅದಕ್ಕಿಂತ ಮುಖ್ಯವಾದದ್ದು ಹೇಳುವುದಿತ್ತೋ. ನಾನು ಊಹಿಸುವುದಿಲ್ಲ. ಇನ್ನು ಮುಂದೆ ಊಹಿಸಬಾರದು ಎಂದು ತೀರ್ಮಾನ ಮಾಡಿದ್ದೇನೆ.

ಹೋದ ವಾರ ಆದೇಶ ಬಂತು. ಯೋಜನೆ ಇನ್ನೂ ಮೂರು ವರ್ಷ ಮುಂದುವರಿಯುತ್ತದೆ, ಎಲ್ಲ ಜಿಲ್ಲೆಗಳಿಗೆ. ಮಕ್ಕಳ ಸಂಖ್ಯೆ ಎರಡು ಪಟ್ಟು. ಸಮನ್ವಿತಾ ಸಿಹಿ ಹಂಚಿದಳು. ಕೊನೆಯ ಪುಟದಲ್ಲಿ ಒಂದು ಸಾಲಿದೆ: 'ಹದಿನೆಂಟು ವರ್ಷ ಮೇಲ್ಪಟ್ಟವರ ವಿಷಯವನ್ನು ಪ್ರತ್ಯೇಕವಾಗಿ ಪರಿಶೀಲಿಸಲಾಗುವುದು.' ಮಾರ್ಚ್ ಒಂಬತ್ತಕ್ಕೆ ಮಧುವಿಗೆ ಹದಿನೆಂಟು. ಆ ಪ್ರತ್ಯೇಕ ಪರಿಶೀಲನೆ ಅಷ್ಟರಲ್ಲಿ ಆಗುವುದಿಲ್ಲ ಎಂದು ಚಕ್ರಪಾಣಿಯವರೇ ಫೋನಿನಲ್ಲಿ ಹೇಳಿದರು, ಪಾಪ, ಬೇಜಾರಿನಿಂದಲೇ. ಹೊರಗೆ ಕೊಳ್ಳೋಣವೆಂದರೆ ಅದು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಮಾರ್ಚ್ ಹತ್ತರಿಂದ ಮತ್ತೆ ಆ ರಟ್ಟು, ಮತ್ತೆ ನಾನು. ಅವಳ ಕಣ್ಣಿಗೂ ಲೋಕಕ್ಕೂ ನಡುವೆ ನಾನೊಬ್ಬಳೇ. ನನ್ನ ಮೇಲೆ ನಂಬಿಕೆ ಇಲ್ಲದವಳು ನನ್ನ ಬಾಯಿಂದಲೇ ಮಾತಾಡಬೇಕು. ಅವಳಿಗೂ ಬಿಡುಗಡೆ ಇಲ್ಲ, ನನಗೂ ಇಲ್ಲ.

ನಿಮ್ಮನ್ನು ಏನು ಕೇಳಬೇಕೆಂದು ಈ ಪತ್ರ ಬರೆದೆನೋ ಇಲ್ಲಿಗೆ ಬಂದ ಮೇಲೆ ಮರೆತಿದ್ದೇನೆ. ಕ್ಷಮೆ ಕೇಳಬೇಕಾದದ್ದು ನಿಮ್ಮನ್ನಲ್ಲ ಎಂದು ನೀವು ಹೇಳುತ್ತೀರಿ, ಗೊತ್ತು. ಅವಳನ್ನು ಕೇಳಿದ್ದೇನೆ. ಜೂನ್ ತಿಂಗಳಲ್ಲಿ, ಅವಳ ಕಾಲ ಬಳಿ ಕೂತು ಕೇಳಿದೆ. ಅವಳು ಮೇಲೂ ನೋಡಲಿಲ್ಲ, ಕೆಳಗೂ ನೋಡಲಿಲ್ಲ. ಏನೂ ಹೇಳಲಿಲ್ಲ ಅಂತಲೇ ಬರೆಯುತ್ತೇನೆ.

ನಿಮ್ಮ ಮಂಡಿನೋವಿಗೆ ಬಿಸಿ ಉಪ್ಪಿನ ಗಂಟು ಬಿಡಬೇಡಿ. ಕಮಲಾದೇವಿಯವರಿಗೆ ನಮ್ಮೆಲ್ಲರ ನಮಸ್ಕಾರ ತಿಳಿಸಿ. ಇಷ್ಟೆಲ್ಲ ಓದಿದ ಮೇಲೂ ಸಾಧ್ಯವಾದರೆ ಮಧುವಿಗೆ ಒಂದು ಪ್ರತ್ಯೇಕ ಕಾಗದ ಬರೆಯಿರಿ, ನಿಮ್ಮ ಆಶೀರ್ವಾದ ಅವಳಿಗೆ ನೇರವಾಗಿ ತಲುಪಲಿ. ಅಂಕಮ್ಮ ಓದಿ ಹೇಳುತ್ತಾರೆ. ನನಗೆ ಬರೆಯಲು ಮನಸ್ಸು ಬಂದಾಗ ಬರೆಯಿರಿ, ಅವಸರವಿಲ್ಲ.

ನಿಮ್ಮ,
ಸರ್ವಮಂಗಳಾ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಲಕೋಟೆ ಅಂಟಿಸುವ ಮೊದಲು ಬರೆಯುತ್ತಿದ್ದೇನೆ. ಮನೆಯಲ್ಲಿ ಮಾತೇ ಮಾತು ಎಂದೆನಲ್ಲ, ಅದು ನಿಜ. ಮಧು ಅಪ್ಪನ ಜೊತೆ ಮಾತಾಡುತ್ತಾಳೆ, ಅಂಕಮ್ಮನ ಜೊತೆ, ಸಮನ್ವಿತಾಳ ಜೊತೆ, ಗ್ಯಾಸ್ ಸಿಲಿಂಡರ್ ತರುವವರ ಜೊತೆಯೂ. ನನ್ನ ಜೊತೆ ಇಲ್ಲ. ಏಪ್ರಿಲಿನಿಂದ ಇವತ್ತಿನ ತನಕ ಆ ಮೆಷಿನ್‌ನಲ್ಲಿ ಅವಳು ನನಗೆ ಒಂದು ಪದವನ್ನೂ ಹೇಳಿಲ್ಲ. ಸಭೆಯಲ್ಲಿ 'ಅಮ್ಮ, ಹೊರಗೆ' ಅಂದದ್ದು ಕೂಡ ಅಲ್ಲಿದ್ದವರಿಗೆ. ನಾನು ಹೋಗಿ ಎದುರಿಗೆ ಕೂತರೆ ಸ್ವಿಚ್ಚಿನಿಂದ ತಲೆ ಆಚೆ ಸರಿಸುತ್ತಾಳೆ. ಉಣಿಸುತ್ತೇನೆ, ಸ್ನಾನ ಮಾಡಿಸುತ್ತೇನೆ, ಜಡೆ ಹೆಣೆಯುತ್ತೇನೆ, ಎಲ್ಲಕ್ಕೂ ಸುಮ್ಮನೆ ಒಡ್ಡಿಕೊಳ್ಳುತ್ತಾಳೆ. ಮಾತು ಮಾತ್ರ ಇಲ್ಲ. ನಿನ್ನೆ ಮಧ್ಯಾಹ್ನ ಮೊಸರು ತಗೊಂಡು ಮೇಲೆ ಬಂದಾಗ ಒಳಗೆ ಅಂಕಮ್ಮ ಇದ್ದರು. ಬಾಗಿಲು ಅರ್ಧ ತೆರೆದಿತ್ತು. ಮಧು ಏನೋ ಒತ್ತಿದಳು, ಅವರು ನಕ್ಕರು, ಇವಳೂ ಗಂಟಲಿನಲ್ಲಿ ಜೋರಾಗಿ ನಕ್ಕಳು. ಮತ್ತೆ ಒತ್ತಿದಳು. ನಾನು ಮೇಲಿನ ಮೆಟ್ಟಿಲಿನ ಮೇಲೆ ಕೂತು, ಮಡಿಲಲ್ಲಿ ಮೊಸರಿನ ಪ್ಯಾಕೆಟ್ ಇಟ್ಟುಕೊಂಡು ಕಾಲು ಗಂಟೆ ಕೇಳಿದೆ. ಒಳಗೆ ಹೋಗಲಿಲ್ಲ. ಹೋದರೆ ಅವಳು ನಿಲ್ಲಿಸುತ್ತಾಳೆ.